ಕರಗುವ ದೇಹ



ಶಿಕಾಗೊ ನಗರದ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಗ್ರಹಾಲಯದಲ್ಲಿ ಪ್ರದರ್ಶಿತವಾದ ಒಂದು ಕಲಾಕೃತಿ ಹೀಗಿದೆ: ಗೋಡೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ. ಬಂದವರು ಒಂದನ್ನು ತೆಗೆದುಕೊಂಡು ತಿನ್ನಬಹುದು. ರಾಶಿ ಕರಗುತ್ತದೆ, ಮತ್ತೆ ತುಂಬಿಸಬಹುದು. ಅದಕ್ಕೆ ಗೊತ್ತುಮಾಡಿದ ತೂಕ 175 ಪೌಂಡ್, ಸುಮಾರು 79 ಕಿಲೋ.

ರಚಿಸಿದವರು ಕ್ಯೂಬಾದಲ್ಲಿ ಹುಟ್ಟಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್. ಕೃತಿಯ ಹೆಸರಿನಲ್ಲಿರುವ ರಾಸ್ ಅವರ ಬಾಳಸಂಗಾತಿ, ಇಬ್ಬರೂ ಗಂಡಸರು. 1991ರಲ್ಲಿ ರಾಸ್ ಏಡ್ಸ್‌ನಿಂದ ತೀರಿಕೊಂಡರು. ಅದೇ ವರ್ಷದ ಕೃತಿಯಿದು. ಆ ತೂಕವನ್ನು ಆರೋಗ್ಯವಂತ ರಾಸ್‌ರ ಮೈತೂಕವೆಂದೂ, ಕರಗುವ ರಾಶಿಯನ್ನು ಕಾಯಿಲೆಯಲ್ಲಿ ಸವೆದ ದೇಹವೆಂದೂ ಅನೇಕರು ಅರ್ಥೈಸಿದ್ದಾರೆ. 1996ರಲ್ಲಿ ಕಲಾವಿದರೂ ಅದೇ ರೋಗಕ್ಕೆ ಬಲಿಯಾದರು.

ಆ ಕಾಲದಲ್ಲಿ ಏಡ್ಸ್ ರೋಗಿಯ ಲೋಟ ಮುಟ್ಟಲೂ ಜನ ಅಂಜುತ್ತಿದ್ದರು. ಅಂಥ ದೇಹವನ್ನು ಇವರು ಅಪರಿಚಿತರ ನಾಲಗೆಯ ಮೇಲೆ ಸಿಹಿಯಾಗಿ ಇಟ್ಟರು. ದಿನವೂ ಪರಮಪ್ರಸಾದ ಹಂಚುವ ನನ್ನನ್ನು ಇದು ತಡೆದು ನಿಲ್ಲಿಸಿತು. ಮಿಠಾಯಿ ಸಂಸ್ಕಾರವಲ್ಲ, ನಿಜ. ಆದರೂ ಅದು ಕೇಳುವ ಪ್ರಶ್ನೆ ನಮ್ಮದೇ: ಯಾರ ದೇಹ ಗೌರವಕ್ಕೆ ಯೋಗ್ಯ?

ದೇಹ ನನ್ನ ಬಳಿ ಇರುವ ವಸ್ತುವಲ್ಲ, ನಾನೇ ನನ್ನ ದೇಹ ಎಂದು ತತ್ವಜ್ಞಾನಿ ಗಾಬ್ರಿಯೆಲ್ ಮಾರ್ಸೆಲ್ ವಾದಿಸಿದರು. ಹಾಗಿದ್ದರೆ, "ಆ ಮನುಷ್ಯನ ಮೇಲೆ ಪ್ರೀತಿಯಿದೆ, ಹತ್ತಿರ ಮಾತ್ರ ಬರದಿರಲಿ" ಎಂಬ ಮಾತಿಗೆ ಅರ್ಥವಿಲ್ಲ. ದೇಹದಿಂದ ದೂರ ಸರಿದವನು ಮನುಷ್ಯನಿಂದಲೇ ದೂರ ಸರಿದ.

"ಫಾದರ್, ಇದು ಧರ್ಮಸಭೆಯ ಬೋಧನೆಯನ್ನು ಸಡಿಲಿಸಿದಂತಲ್ಲವೇ?" ಎಂದು ಕೆಲವರು ಕೇಳಬಹುದು. ಬೋಧನೆ ನನಗೆ ಗೊತ್ತು. ಇಂಥವರನ್ನು ಗೌರವದಿಂದ, ಕರುಣೆಯಿಂದ ಬರಮಾಡಿಕೊಳ್ಳಿ ಎನ್ನುವುದೂ ಅದೇ ಬೋಧನೆ. ನಾವು ಒಂದು ಸಾಲನ್ನು ಬಾಯಿಪಾಠ ಮಾಡಿ ಇನ್ನೊಂದನ್ನು ಮರೆತೆವು.

ನಾನೂ ಮರೆತವನೇ. ಕೆಲವು ವರ್ಷಗಳ ಹಿಂದೆ ಒಬ್ಬ ಯುವಕನ ಶವಸಂಸ್ಕಾರ ನಡೆಸಿದೆ. ಕೊನೆಯ ತಿಂಗಳುಗಳಲ್ಲಿ ಅವನ ಮೈ ಒರೆಸಿ, ಗಂಜಿ ಕುಡಿಸಿದ ಗೆಳೆಯ ದೇವಾಲಯದ ಬಾಗಿಲ ಬಳಿಯೇ ನಿಂತಿದ್ದ. ಹೆತ್ತವರ, ಒಡಹುಟ್ಟಿದವರ ಹೆಸರೆತ್ತಿ ಪ್ರಾರ್ಥಿಸಿದೆ. ಗೊತ್ತಿದ್ದೂ ಅವನ ಹೆಸರು ಹೇಳಲಿಲ್ಲ. ಮನೆಯವರಿಗೆ ಮುಜುಗರವಾಗದಿರಲಿ ಎಂದುಕೊಂಡೆ; ಮುಜುಗರ ನನ್ನದಾಗಿತ್ತು.

2022ರಲ್ಲಿ ಆ ಸಂಗ್ರಹಾಲಯದ ವಿವರಣಾ ಫಲಕದಲ್ಲಿ ರಾಸ್‌ರ ಸಂಬಂಧವೂ ಏಡ್ಸ್‌ನ ಮಾತೂ ಕಾಣದಾದಾಗ ನೋಡುಗರು ಆಕ್ಷೇಪಿಸಿದರು. ಸಂಗ್ರಹಾಲಯ ಫಲಕವನ್ನು ತಿದ್ದಿತು.

ಫಲಕವನ್ನು ತಿದ್ದಬಹುದು. ಮುಗಿದುಹೋದ ಶವಸಂಸ್ಕಾರವನ್ನು ತಿದ್ದಲಾಗದು. ಈ ನವೆಂಬರಿನಲ್ಲಿ ಮೃತರಿಗಾಗಿ ಪೂಜೆ ಅರ್ಪಿಸುವಾಗ ಆ ಗೆಳೆಯನಿಗೆ ಹೇಳಿ ಕಳುಹಿಸಬೇಕೆಂದಿದ್ದೇನೆ. ನಿಮ್ಮ ಮನೆಯ ಬಾಗಿಲ ಬಳಿಯೂ ಯಾರಾದರೂ ನಿಂತಿದ್ದರೆ, ದಯವಿಟ್ಟು ಹೆಸರು ಹಿಡಿದು ಒಳಗೆ ಕರೆಯಿರಿ.