ಕೆಂಪು ಚುಕ್ಕೆ, ಬೂದು ಚುಕ್ಕೆ

2020ರ ಮೇ ತಿಂಗಳು. ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಮೈಸೂರು ಜಿಲ್ಲೆ ರೆಡ್ ಝೋನ್, ಪಕ್ಕದ ಚಾಮರಾಜನಗರ ಗ್ರೀನ್ ಝೋನ್. ನಾನಿದ್ದದ್ದು ಕುವೆಂಪುನಗರದ ಬಾಡಿಗೆ ಮನೆಯಲ್ಲಿ, ನಮ್ಮೂರಿರೋದು ಗುಂಡ್ಲುಪೇಟೆ ಕಡೆ. ಅವ್ವ ಫೋನ್ ಮಾಡಿದಳು: "ಈಗ ಬರ್ಬೇಡ ಕನಪ್ಪ, ನಿಮ್ದು ಕೆಂಪಂತೆ. ಊರೋರು ಏನಾದ್ರೂ ಅಂತಾರೆ." ನನಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಆದರೂ ನಾನು ಕೆಂಪಾಗಿದ್ದೆ.

ಈಚೆಗೆ ಅದು ಮತ್ತೆ ನೆನಪಾಯ್ತು. ರಕ್ತದ ಜೀವಕೋಶಗಳ ಡೇಟಾವನ್ನು ಚಿತ್ರ ಮಾಡಿ ತೋರಿಸೋ ಕೆಲಸ ಬಂದಿತ್ತು. ಪರದೆ ಮೇಲೆ ಸಾವಿರಾರು ಚುಕ್ಕೆ, ಒಂದೊಂದೂ ಒಂದು ಜೀವಕೋಶ. ಯಾವ ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅನ್ನೋದರಲ್ಲಿ ಹೋಲುವ ಕೋಶಗಳು ಅಕ್ಕಪಕ್ಕ ಕೂರುತ್ತವೆ. ಆಮೇಲೆ ಬಣ್ಣ. ರೋಗಿಗಳಲ್ಲಿ ಹೆಚ್ಚಿದ ಜಾತಿಯ ಕೋಶಕ್ಕೆ ಕೆಂಪು, ಕಮ್ಮಿಯಾದದ್ದಕ್ಕೆ ನೀಲಿ, ಖಚಿತವಾಗಿ ಹೇಳಲಾಗದ್ದಕ್ಕೆ ಬೂದು.

ನಾನು ಮೊದಲು ಬರೆದ ಚಿತ್ರ ಬಹುಪಾಲು ಬೂದು. ಮಂಕಾಗಿತ್ತು. ಕೋಡಿನಲ್ಲಿ ಒಂದೇ ಒಂದು ಮಿತಿಯ ಅಂಕಿ ಸಡಿಲ ಮಾಡಿದೆ, ಅರ್ಧ ಪರದೆ ಕೆಂಪು-ನೀಲಿಯಾಗಿ ಹೊಳೆಯಿತು. ಮೀಟಿಂಗಲ್ಲಿ ಎಲ್ಲರೂ ಚೆನ್ನಾಗಿದೆ ಅಂದರು. ನಾನು ಸುಳ್ಳು ಹೇಳಿದೆನಾ? ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಆದರೆ ಅನುಮಾನಕ್ಕೆ ನಿಶ್ಚಯದ ಬಣ್ಣ ಬಳಿದಿದ್ದೆ.

ನೀಲಿಯ ಕಥೆಯೂ ಹಾಗೇ. ಚೀಲದಲ್ಲಿ 5 ಸೇರು ಅವರೆ, 5 ಸೇರು ತೊಗರಿ ಇದೆ ಅನ್ನಿ. ಇನ್ನೂ 5 ಸೇರು ಅವರೆ ಸುರಿದು ಕಲಸಿ, ಒಂದು ಹಿಡಿ ತೆಗೆದು ನೋಡಿ. ಅರ್ಧ ಇದ್ದ ತೊಗರಿ ಮೂರರಲ್ಲಿ ಒಂದು ಪಾಲಾಗಿರುತ್ತೆ. ತೊಗರಿ ಎಲ್ಲೂ ಹೋಗಿಲ್ಲ! ನಾವು ಅಳೆಯೋದೂ ರಕ್ತದ ಒಂದು ಹಿಡಿಯನ್ನೇ. ಹಾಗಾಗಿ ಒಂದು ಜಾತಿಯ ಕೋಶ ಹೆಚ್ಚಾದರೆ, ಇದ್ದಷ್ಟೇ ಇರುವ ಇನ್ನೊಂದು ಕಮ್ಮಿಯಾದಂತೆ ಕಾಣಬಹುದು.

ಇನ್ನೊಂದು ಮೋಸ ಚುಕ್ಕೆಗಳ ಸಂಖ್ಯೆಯದು. ಮೂವರು ರೋಗಿಗಳಿಂದ 10,000 ಕೋಶ ತೆಗೆದರೆ ಸಾಕ್ಷಿಗಳು 10,000 ಅಲ್ಲ, ಮೂರೇ. ಪರದೆ ತುಂಬಾ ಚುಕ್ಕೆ ಇದೆ ಅಂತ ಧೈರ್ಯವಾಗಿ ಮಾತಾಡಿಬಿಡ್ತೀವಿ.

ಹಾಗಂತ ಬಣ್ಣವೇ ಬೇಡ ಅನ್ನಲಾರೆ. ಲಾಕ್‌ಡೌನಲ್ಲಿ ಎಲ್ಲಿ ಅಂಗಡಿ ತೆಗೀಬೇಕು, ಎಲ್ಲಿ ಬಸ್ ಬಿಡಬೇಕು ಅಂತ ಯಾರಾದರೂ ತೀರ್ಮಾನ ಮಾಡಲೇಬೇಕಿತ್ತು. ಝೋನ್ ಪಟ್ಟಿಯನ್ನು ವಾರಕ್ಕೊಮ್ಮೆ ಪರಿಶೀಲಿಸ್ತೀವಿ ಅಂತ ಸರ್ಕಾರವೇ ಹೇಳಿತ್ತು. ಆ ಮಾತು ನಮ್ಮೂರಿಗೆ ಮುಟ್ಟಲಿಲ್ಲ, ಬಣ್ಣ ಮಾತ್ರ ಮುಟ್ಟಿತು. ಜೂನ್‌ನಲ್ಲಿ ಚಾಮರಾಜನಗರದಲ್ಲೂ ಮೊದಲ ಪ್ರಕರಣ ಬಂತು. ಹಸಿರು ಅವರ ಪುಣ್ಯವಾಗಿರಲಿಲ್ಲ, ಕೆಂಪು ನಮ್ಮ ಪಾಪವೂ ಆಗಿರಲಿಲ್ಲ.

ಬಣ್ಣ ಹಚ್ಚುವವನಿಗೆ ಒಂದು ಋಣವಿದೆ ಅನಿಸುತ್ತೆ. ಯಾವುದಕ್ಕೆ ಹೋಲಿಸಿ ಹಚ್ಚಿದೆ, ಎಷ್ಟು ಜನರನ್ನು ನೋಡಿ ಹಚ್ಚಿದೆ ಅನ್ನೋದನ್ನ ಬಣ್ಣದ ಜೊತೆಗೇ ಹೇಳಬೇಕು. ಗೊತ್ತಿಲ್ಲದ್ದನ್ನು ಬೂದಾಗಿಯೇ ಬಿಡಬೇಕು. ಯಾಕಂದ್ರೆ ನಮ್ಮ ವಿವರಣೆ ಅಲ್ಲೇ ಉಳಿದು, ಬಣ್ಣವೊಂದೇ ಊರೂರು ಸುತ್ತುತ್ತೆ.

ಮಾರನೇ ದಿನ ಮಿತಿಯನ್ನು ಮೊದಲಿದ್ದಲ್ಲಿಗೇ ತಂದೆ. ಚಿತ್ರದ ಕೆಳಗೆ ರೋಗಿಗಳ ಸಂಖ್ಯೆ ಬರೆದೆ. "ನಿನ್ನೆಯದೇ ಚೆನ್ನಾಗಿತ್ತಲ್ಲ?" ಅಂದರು. ಹೌದು ಸಾರ್, ಚೆನ್ನಾಗಿತ್ತು ಅಂದೆ.