ರಸ್ತೆಯ ಅಳತೆ, ಮನುಷ್ಯನ ಅಳತೆ

ಅಳತೆಯಿಲ್ಲದೆ ಲೋಕವ್ಯವಹಾರ ಸಾಗದು. ಶಿರಸಿಯ ಅಡಿಕೆ ಪೇಟೆಗೆ ತಕ್ಕಡಿ ಎಷ್ಟು ಅವಶ್ಯವೋ, ರಸ್ತೆ ಕಟ್ಟುವವನಿಗೆ ಅದು ಎಷ್ಟು ವಾಹನಗಳನ್ನು ತಾಳಬಲ್ಲುದೆಂಬ ಲೆಕ್ಕವೂ ಅಷ್ಟೇ ಅವಶ್ಯ. ಆದರೆ ತಕ್ಕಡಿ ಅಡಿಕೆಯ ತೂಕವನ್ನು ಹೇಳೀತೇ ಹೊರತು ಕೊನೆಗಾರನ ಶ್ರಮವನ್ನು ಹೇಳದು. ಅಳತೆ ಯಾವುದನ್ನು ಹೇಳುವುದಿಲ್ಲವೋ ಅದನ್ನು ನಾವು ಮರೆತಾಗ ಅನ್ಯಾಯ ಮೊದಲಾಗುತ್ತದೆ.

ಕನ್ನಡ ಮೇಷ್ಟರಿಗೆ ರಸ್ತೆಯ ಗಣಿತವೇಕೆ ಎಂದು ಯಾರಾದರೂ ಕೇಳಬಹುದು. ಪದಗಳ ಅರ್ಥವನ್ನು ವಿಚಾರಿಸುವುದು ನನ್ನ ಕಸುಬು. 'ಸಾಮರ್ಥ್ಯ' ಎಂಬುದೂ ಒಂದು ಪದವೇ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಗ್ರಾಮಾಂತರ ರಸ್ತೆಗಳ ಸಾಮರ್ಥ್ಯಕ್ಕೆ ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ ಕಾರೇ ಮೂಲಮಾನ. ಕಾರು 1 ಆದರೆ ಮೋಟಾರ್ ಸೈಕಲ್ಲು ಅರ್ಧ. ಬಸ್ಸು, ಲಾರಿ 3. ಎತ್ತಿನ ಗಾಡಿ 8. ಈ ಲೆಕ್ಕದಂತೆ ಎರಡು ಸಾಲಿನ ರಸ್ತೆ ಬಯಲಿನಲ್ಲಿ ದಿನಕ್ಕೆ 15,000 ಮಾನಗಳನ್ನು ಹೊರಬಹುದು. ತಿರುವು ಹೆಚ್ಚಿರುವ ಗುಡ್ಡಗಾಡಿನಲ್ಲಿ 5,000 ಮಾತ್ರ. ಅರಬೈಲು, ದೇವಿಮನೆ ಘಟ್ಟಗಳನ್ನು ಹತ್ತಿಳಿದವರಿಗೆ ಈ ಅಂತರದ ಕಾರಣವನ್ನು ವಿವರಿಸಬೇಕಾಗಿಲ್ಲ.

ಎತ್ತಿನ ಗಾಡಿಗೆ 8 ಎಂದಾಗ ಅದು ಮರ್ಯಾದೆಯಲ್ಲ, ಆರೋಪ. ಕಾರಿನ ಓಟಕ್ಕೆ ಎಷ್ಟು ಅಡ್ಡಿ ಎಂಬುದರ ಮೇಲೆ ಇಲ್ಲಿ ಪ್ರತಿಯೊಬ್ಬನ ತೂಕ. ಹಾಗೆಂದು ಅಂಕಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದೇ ಅಂಕಿಯನ್ನು ಬೇರೆ ರೀತಿಯಲ್ಲಿ ಓದಿ ನೋಡೋಣ: ಐವತ್ತು ಮಂದಿಯನ್ನು ಹೊತ್ತ ಬಸ್ಸು 3 ಮಾನ, ಅವರೇ ಇಬ್ಬಿಬ್ಬರಾಗಿ ಮೋಟಾರ್ ಸೈಕಲ್ಲು ಏರಿದರೆ ಹನ್ನೆರಡೂವರೆ, ಒಬ್ಬೊಬ್ಬರೇ ಕಾರಿನಲ್ಲಿ ಕುಳಿತರೆ 50. ಒಂದೇ ಕೋಷ್ಟಕ ಒಬ್ಬನಿಗೆ 'ರಸ್ತೆ ಅಗಲಿಸು' ಎಂದು ಹೇಳಿದರೆ, ಇನ್ನೊಬ್ಬನಿಗೆ 'ಬಸ್ಸು ಹೆಚ್ಚಿಸು' ಎಂದು ಹೇಳುತ್ತದೆ. ಉತ್ತರ ಅಂಕಿಯಲ್ಲಿಲ್ಲ, ಕೇಳುವವನ ಮನಸ್ಸಿನಲ್ಲಿದೆ.

ಕಾಲ ಬದಲಾದಂತೆ ಅಳತೆಯೂ ಬದಲಾಗಬೇಕಾದುದು ನ್ಯಾಯವೇ. 1950ರಲ್ಲಿ ಮೊದಲು ಪ್ರಕಟವಾದ ಅಮೆರಿಕದ ಕೈಪಿಡಿ 2022ರ ಹೊತ್ತಿಗೆ ಏಳನೆಯ ಆವೃತ್ತಿಯನ್ನು ಕಂಡಿತು. ದೆಹಲಿಯ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ನಮ್ಮ ದೇಶದ ರಸ್ತೆಗಳನ್ನೇ ಅಭ್ಯಸಿಸಿ ಭಾರತೀಯ ಕೈಪಿಡಿಯೊಂದನ್ನು ಸಿದ್ಧಪಡಿಸಿತು. ವಾಹನದ ಮಾನ ಸ್ಥಿರವಲ್ಲ, ಸಂಚಾರದ ದಟ್ಟಣೆಯಂತೆ ಏರಿಳಿಯುತ್ತದೆ ಎಂದು ಒಪ್ಪಿಕೊಂಡಿತು. ಪಾದಚಾರಿಗಳಿಗೂ ಅದರಲ್ಲಿ ಅಧ್ಯಾಯವುಂಟು. ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂದು ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯೂ ಹೇಳಿದೆ. ಆದರೆ ಸಿದ್ದಾಪುರದ ಹಳ್ಳಿಯ ಕ್ರಾಸಿನಲ್ಲಿ ಬಸ್ಸಿಳಿದು, ಮಳೆಗಾಲದ ಸಂಜೆ ಡಾಂಬರಿನ ಅಂಚಿನಲ್ಲೇ ಮನೆಗೆ ನಡೆಯುವ ನನ್ನ ವಿದ್ಯಾರ್ಥಿನಿಗೆ ಆ ಕಾಲುದಾರಿ ಎಲ್ಲಿದೆ? ಅದಿಲ್ಲದ ಕಡೆ ಅವಳು ವಾಹನದ ಲೆಕ್ಕದಲ್ಲಿ ಇಲ್ಲ, ಪಾದಚಾರಿಯ ಲೆಕ್ಕದಲ್ಲಿಯೂ ಇಲ್ಲ.

ಇದಕ್ಕೆ ಎದುರಾದ ವಾದವೂ ಹಗುರವಲ್ಲ. ನಮ್ಮ ಮೂರು ತಾಲೂಕುಗಳ ರೋಗಿ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಧಾವಿಸಬೇಕು. ಲಾರಿಯ ಸಾಲಿನ ಹಿಂದೆ ಸಿಕ್ಕಿಬಿದ್ದ ಆಂಬುಲೆನ್ಸಿಗೆ ಅಗಲವಾದ ರಸ್ತೆಯೇ ಪ್ರಾಣ. ಇತ್ತ 2021ರ ಜುಲೈ ಮಳೆಗೆ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ಆ ರಸ್ತೆಯ ಸಾಮರ್ಥ್ಯ ಸೊನ್ನೆಯಾಯಿತು. ಅಗಲಿಸುವುದು ಧರ್ಮವೇ, ಗುಡ್ಡದ ತಾಳ್ಮೆಯನ್ನು ಅರಿತು ಅಗಲಿಸುವುದೂ ಧರ್ಮವೇ. ಎರಡರ ನಡುವೆ ಆಯಬೇಕಾದವರು ಮನುಷ್ಯರು. ಆ ಹೊಣೆಯನ್ನು ಕೋಷ್ಟಕದ ಮೇಲೆ ಹೊರಿಸಲಾಗದು.

ಆದುದರಿಂದ ನನ್ನ ಸೂಚನೆ ಚಿಕ್ಕದು. ರಸ್ತೆಯ ಬದಿಯಲ್ಲಿ ಕುಳಿತು ವಾಹನ ಎಣಿಸುವವರ ಹಾಳೆಯಲ್ಲಿ ಇನ್ನೆರಡು ಸಾಲುಗಳಿರಲಿ: ಒಳಗೆ ಎಷ್ಟು ಜನ, ನಡೆದು ಹೋದವರು ಎಷ್ಟು ಜನ. ಅಷ್ಟನ್ನು ಎಣಿಸಿದ ಮೇಲೆ ಯಾರಿಗಾಗಿ ಈ ರಸ್ತೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಯಾವ ಇಂಜಿನಿಯರನಿಗೂ, ಯಾವ ಸರ್ಕಾರಕ್ಕೂ ಸುಲಭವಾಗದು.