ತಿಳಿಯದಿರುವುದೂ ತಪ್ಪಾಗಬಹುದೇ?



ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ಸಿರಸಂಗಿಯ ಸೀಮೆಯ ಮನೆಗಳಲ್ಲಿ ಎರಡು ಸಿದ್ಧತೆಗಳು ಜೊತೆಜೊತೆಯಾಗಿ ನಡೆಯುತ್ತವೆ. ಒಂದು ಮುಂಗಾರು ಬಿತ್ತನೆಯದು, ಇನ್ನೊಂದು ಶಾಲೆಯದು. ರೈತನು ಹೆಸರು ಬಿತ್ತುವ ಮುನ್ನ ಕೂರಿಗೆಯನ್ನು ಸರಿಪಡಿಸುತ್ತಾನೆ, ಎತ್ತಿನ ಗೊರಸನ್ನು ಎತ್ತಿ ನೋಡುತ್ತಾನೆ, ಒಂದು ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆಯೊಡೆಯುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಾನೆ. ಹೀಗೆ ಪರೀಕ್ಷಿಸುವವನನ್ನು ಯಾರೂ ದೇವರ ಮೇಲೆ ನಂಬಿಕೆಯಿಲ್ಲದವನೆಂದು ಹಳಿಯುವುದಿಲ್ಲ. ಮಳೆ ದೇವರ ಕೈಯಲ್ಲಿದೆ, ಬೀಜ ನೋಡುವುದು ನಮ್ಮ ಕೈಯಲ್ಲಿದೆ ಎಂಬುದನ್ನು ಅವನು ಬಲ್ಲ.

ಅದೇ ಮನೆಯಲ್ಲಿ ಮಗುವಿಗಾಗಿ ಪಾಟಿಚೀಲ ಬರುತ್ತದೆ, ಸಮವಸ್ತ್ರ ಬರುತ್ತದೆ, ನೋಟುಬುಕ್ಕುಗಳಿಗೆ ರಟ್ಟು ಹಾಕಲಾಗುತ್ತದೆ. ಆದರೆ ಆ ಪುಸ್ತಕಗಳನ್ನು ಓದಬೇಕಾದ ಕಣ್ಣನ್ನು, ಪಾಠವನ್ನು ಆಲಿಸಬೇಕಾದ ಕಿವಿಯನ್ನು ನಾವು ಒಮ್ಮೆಯಾದರೂ ತೋರಿಸಿದ್ದೇವೆಯೇ? "ಮಗು ಚೆನ್ನಾಗಿಯೇ ಇದೆಯಲ್ಲ, ವೈದ್ಯರಲ್ಲಿಗೆ ಏಕೆ?" ಎಂಬುದು ನಮ್ಮೆಲ್ಲರ ಉತ್ತರ. ಈ ಉತ್ತರವನ್ನು ಇಂದು ತಮ್ಮೊಡನೆ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಶಿಕ್ಷಕನಾಗಿದ್ದಾಗ ನಾಲ್ಕನೆಯ ತರಗತಿಯಲ್ಲಿ ಒಬ್ಬ ಬಾಲಕನಿದ್ದ. ಕಪ್ಪುಹಲಗೆಯ ಮೇಲಿನ ಲೆಕ್ಕವನ್ನು ಅವನು ಎಂದೂ ಸರಿಯಾಗಿ ಬರೆದುಕೊಂಡವನಲ್ಲ. 3 ಇದ್ದಲ್ಲಿ 8 ಬರೆಯುವನು. ಪಕ್ಕದವನ ಪುಸ್ತಕದತ್ತ ಇಣುಕುವನು. ಅದನ್ನು ಕಳ್ಳತನವೆಂದು ಭಾವಿಸಿ, ಎಲ್ಲರೆದುರು ದಡ್ಡನೆಂದು ಕರೆದು, ಕೊನೆಯ ಸಾಲಿಗೆ ಕಳುಹಿಸಿದೆ. ಮರುವರ್ಷ ಒಂದು ಕಣ್ಣಿನ ತಪಾಸಣಾ ಶಿಬಿರದಲ್ಲಿ ಅವನಿಗೆ ದೂರದೃಷ್ಟಿ ತೀರ ಮಂದವೆಂದು ತಿಳಿಯಿತು. ಕನ್ನಡಕ ಧರಿಸಿ ಬಂದ ದಿನ ಅವನು ನನ್ನ ಬಳಿಗೆ ಓಡಿಬಂದು, "ಸರ್ರ, ಬೇವಿನ ಗಿಡದಾಗಿನ ಎಲಿ ಒಂದೊಂದೂ ಬ್ಯಾರೆ ಬ್ಯಾರೆ ಕಾಣ್ತಾವ್ರಿ" ಎಂದ. ಅವನ ಮುಖದಲ್ಲಿ ನನ್ನ ಮೇಲೆ ಕಿಂಚಿತ್ತೂ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಕಾಣದ ಮಗುವನ್ನು ಹಲಗೆಯಿಂದ ಇನ್ನಷ್ಟು ದೂರಕ್ಕೆ ತಳ್ಳಿದವನು ನಾನು.

"ನನಗೆ ತಿಳಿದಿರಲಿಲ್ಲ" ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ತಿಳಿಯದಿರುವುದು ಯಾವಾಗಲೂ ನಿರ್ದೋಷವೇ? ನಮ್ಮ ಧರ್ಮಸಭೆಯ ನೀತಿಬೋಧೆ ಅಜ್ಞಾನವನ್ನು ಎರಡಾಗಿ ಎಣಿಸುತ್ತ ಬಂದಿದೆ. ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಇದನ್ನು ಚರ್ಚಿಸಿದ್ದಾರೆ. ನಮ್ಮ ಪ್ರಯತ್ನದಿಂದ ನೀಗಲಾಗದ ಅಜ್ಞಾನ ಒಂದು, ಅದಕ್ಕೆ ದೋಷವಿಲ್ಲ. ತಕ್ಕಷ್ಟು ಎಚ್ಚರ ವಹಿಸಿದ್ದರೆ ನೀಗಬಹುದಾಗಿದ್ದ ಅಜ್ಞಾನ ಇನ್ನೊಂದು. ಅದಕ್ಕೆ ನಾವು ಹೊಣೆಗಾರರು. ಆ ಬಾಲಕನ ಅಜ್ಞಾನ ಮೊದಲನೆಯ ಬಗೆಯದು. ಹುಟ್ಟಿದಂದಿನಿಂದ ತನ್ನ ಕಣ್ಣಿನಿಂದಲೇ ಜಗತ್ತನ್ನು ಕಂಡವನಿಗೆ, ಇತರರಿಗೆ ಇದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆಂದು ತಿಳಿಯುವ ಬಗೆ ಹೇಗೆ? ಅವನು ದೂರು ಹೇಳಲಾರ. ನನ್ನ ಅಜ್ಞಾನವಾದರೋ ಎರಡನೆಯ ಬಗೆಯದು. ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗುತ್ತಿತ್ತು.

ಸಂತ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯವನ್ನು ನೆನೆಯಿರಿ. ಬೆತ್ಸಾಯಿದದಲ್ಲಿ ಪ್ರಭು ಯೇಸು ಒಬ್ಬ ಕುರುಡನನ್ನು ಕೈಹಿಡಿದು ಊರ ಹೊರಗೆ ಕರೆದೊಯ್ದು ಗುಣಪಡಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಏನಾದರೂ ಕಾಣುತ್ತಿದೆಯೇ ಎಂದು ಕೇಳಿದರು. ಜನರು ನಡೆದಾಡುವ ಮರಗಳಂತೆ ಕಾಣುತ್ತಿದ್ದಾರೆ ಎಂದು ಅವನು ಉತ್ತರಿಸಿದಾಗ, ಮತ್ತೊಮ್ಮೆ ಅವನ ಕಣ್ಣುಗಳ ಮೇಲೆ ಕೈಯಿಟ್ಟರು. ಆ ಪ್ರಶ್ನೆ ಕೇಳದೆ ಹೋಗಿದ್ದರೆ ಆ ಮನುಷ್ಯನು ಅರೆಗಾಣಿಕೆಯಲ್ಲಿಯೇ ತೃಪ್ತನಾಗಿ ಮನೆಗೆ ಹೋಗುತ್ತಿದ್ದನೇನೋ. ನೋವೆಂದು ಕೂಗಿದವನಿಗೆ ಓಗೊಡುವುದು ಪ್ರೀತಿ. ಕೂಗಲು ತಿಳಿಯದವನನ್ನು ತಾನಾಗಿ ಕೇಳುವುದು ಅದಕ್ಕಿಂತ ದೊಡ್ಡ ಪ್ರೀತಿ.

ನಾವು ಮಕ್ಕಳಿಗೆ ಇಡುವ ಹೆಸರುಗಳನ್ನೇ ನೋಡಿ. ಕರೆದರೆ ತಿರುಗಿ ನೋಡದವನನ್ನು ಮೊಂಡನೆನ್ನುತ್ತೇವೆ. ಪದೇ ಪದೇ ನೆಗಡಿಯಾಗುವ ಮಗುವಿಗೆ ಕಿವಿತಮಟೆಯ ಹಿಂದೆ ದ್ರವ ಕಟ್ಟಿಕೊಂಡು, ನೋವಿಲ್ಲದೆಯೇ ಕಿವಿ ಮಂದವಾಗಿರಬಹುದು. ಮಂಕಾಗಿ ಕುಳಿತವಳನ್ನು ಸೋಮಾರಿಯೆನ್ನುತ್ತೇವೆ. ಅವಳಿಗೆ ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ರಕ್ತಹೀನತೆಯಿದೆಯೆಂದು ತೋರಿಸಿತು. ಇನ್ನು ಕೆಲವು ಮಕ್ಕಳಿಗೆ ಒಂದೇ ಕಣ್ಣು ಮಂದವಾಗಿರುತ್ತದೆ. ಇನ್ನೊಂದು ಕಣ್ಣಿನಿಂದ ಆಟಪಾಠ ಸಾಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮಿದುಳು ಕ್ರಮೇಣ ಆ ಕಣ್ಣನ್ನು ಮರೆತೇಬಿಡುತ್ತದೆ. ಏಳು ವರ್ಷದೊಳಗೆ ಕಂಡುಹಿಡಿದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ, ತಡವಾದಷ್ಟೂ ಕಷ್ಟ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಕೇಳಿದ ಶಿಷ್ಯರಿಗಿಂತ ನಾವೇನೂ ಭಿನ್ನರಲ್ಲ. ಕಾರಣ ತಿಳಿಯುವ ಮೊದಲೇ ತೀರ್ಪು ಕೊಡುತ್ತೇವೆ.

ಆದ್ದರಿಂದ ಶಾಲೆ ತೆರೆಯುವ ಮುನ್ನ ಮಾಡಿಸುವ ತಪಾಸಣೆ ಮಗುವಿಗೆ ಸಲ್ಲಬೇಕಾದ ನ್ಯಾಯ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು, ಎದೆಬಡಿತ, ಅಗತ್ಯವಿದ್ದರೆ ರಕ್ತಪರೀಕ್ಷೆ. ಇಷ್ಟನ್ನು ನೋಡಿದರೆ ಸಾಕು. ಒಂದನೆಯ ತರಗತಿಗೆ ಸೇರುವ ಮಗುವಿನ ತಾಯಿಕಾರ್ಡನ್ನೂ ಕೊಂಡೊಯ್ಯಿರಿ. ಐದರಿಂದ ಆರು ವರ್ಷದಲ್ಲಿ ಹಾಕಿಸಬೇಕಾದ ಡಿಪಿಟಿ ವರ್ಧಕ ಲಸಿಕೆ ಎಷ್ಟೋ ಮನೆಗಳಲ್ಲಿ ಮರೆತುಹೋಗುತ್ತದೆ.

ಇದು ಹೊಸ ಕಾಲದ ಗೀಳೆಂದು ತಿಳಿಯಬೇಡಿ. ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ದುಡ್ಡಿನ ಚಿಂತೆಯೂ ಅಷ್ಟಾಗಿ ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಬಂದು ಉಚಿತವಾಗಿ ತಪಾಸಣೆ ಮಾಡಬೇಕೆಂಬ ಏರ್ಪಾಡಿದೆ. ಆದರೆ ಆ ದಿನ ನಿಮ್ಮ ಮಗು ಗೈರುಹಾಜರಾಗಿರಬಹುದು. ತಂಡ ಬರುವಷ್ಟರಲ್ಲಿ ಅರ್ಧ ವರ್ಷವೇ ಕಳೆದಿರಬಹುದು. ಪಾಟಿಚೀಲ ಕೊಳ್ಳಲು ಸವದತ್ತಿಗೆ ಹೋಗುವ ದಿನವೇ ಅಲ್ಲಿಯ ಸರ್ಕಾರಿ ಆಸ್ಪತ್ರೆಗೂ ಹೋಗಿಬಂದರೆ ಎರಡನೆಯ ದಿನದ ಕೂಲಿ ತಪ್ಪುವುದಿಲ್ಲ. ಏನಾದರೂ ದೋಷ ಕಂಡುಬಂದೀತೆಂಬ ಭಯವೇ ಕೆಲವರನ್ನು ತಡೆಯುತ್ತದೆ. ಆ ದೋಷವನ್ನು ವೈದ್ಯರು ಹುಟ್ಟಿಸುವುದಿಲ್ಲ. ಅದು ಇದ್ದರೆ, ನಾವು ನೋಡದಿದ್ದರೂ ಮಗು ಅದನ್ನು ದಿನವೂ ಹೊತ್ತು ನಡೆಯುತ್ತದೆ.

ಸಿರಸಂಗಿಯ ಹೆಸರು ನಾಡಿಗೆಲ್ಲ ಪರಿಚಿತವಾದದ್ದು ಲಿಂಗರಾಜ ದೇಸಾಯಿಯವರಿಂದ. 1861ರಿಂದ 1906ರವರೆಗೆ ಬಾಳಿದ ಅವರು ತಮ್ಮ ಸಂಸ್ಥಾನದ ಸಂಪತ್ತನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ತಾವು ಮುಖ ಕಾಣದ ಮಕ್ಕಳಿಗಾಗಿ ಅವರು ಶಾಲೆಯ ಬಾಗಿಲು ತೆರೆದರು. ಆ ಬಾಗಿಲೊಳಗೆ ಹೋಗುವ ನಮ್ಮ ಮಗುವಿಗೆ ಹಲಗೆ ಕಾಣುತ್ತದೆಯೇ ಎಂದು ನೋಡುವಷ್ಟು ಕೆಲಸವಾದರೂ ನಮ್ಮದಲ್ಲವೇ? ನೆರೆಮನೆಯ ಕೂಲಿಯ ತಾಯಿಗೆ ಬಿಡುವಿಲ್ಲದಿದ್ದರೆ ಅವಳ ಮಗುವನ್ನೂ ಜೊತೆಗೆ ಕರೆದೊಯ್ಯಿರಿ. ಧರ್ಮಕೇಂದ್ರವೆಂದರೆ ಒಂದು ಕುಟುಂಬವೆಂದು ಪ್ರತಿ ಭಾನುವಾರ ಕೇಳುತ್ತೇವೆ. ಅದನ್ನು ನಡೆಸಿ ತೋರಿಸಲು ಇದೊಂದು ಸುಲಭ ದಾರಿ.

ಇಂದು ಸಂಜೆ ನಿಮ್ಮ ಮಗುವನ್ನು ಅಂಗಳದಲ್ಲಿ ನಿಲ್ಲಿಸಿ, ಅಂಗೈಯಿಂದ ಒಂದೊಂದೇ ಕಣ್ಣನ್ನು ಮುಚ್ಚಿ, ಎದುರಿನ ಮರದಲ್ಲಿ ಏನು ಕಾಣುತ್ತದೆಂದು ಕೇಳಿರಿ. ಇದು ವೈದ್ಯರ ತಪಾಸಣೆಗೆ ಬದಲಿಯಲ್ಲ. ಆದರೆ ಬೆತ್ಸಾಯಿದದಲ್ಲಿ ಪ್ರಭು ಕೇಳಿದ ಪ್ರಶ್ನೆ ಇದೇ. ನಾನು ತಡವಾಗಿ ಕಲಿತೆ, ತಾವು ತಡಮಾಡದಿರಿ.